ಬಾಗಿಲಿಗಿಟ್ಟ ರುಬ್ಬುಗುಂಡು

ಜೂನ್ ೧೪, ಶುಕ್ರವಾರ

ಸೊಸೈಟಿ ಸೆಕ್ರೆಟರಿ ಕರ್ಣಿಕ್ ಇವತ್ತೂ ಬಂದಿದ್ದ. "ಆಜಿ, ಇದು ನಿಮ್ಮ ಗಿರಗಾಂವದ ಚಾಳಲ್ಲ, ಟವರು. ಹಗಲೆಲ್ಲ ಬಾಗಿಲು ತೆಗೆದಿಡಬೇಡಿ."

"ಅಡ್ಡ ಇಟ್ಟಿರೋದು ನಮ್ಮ ಆಯಿಯ ರುಬ್ಬುಗುಂಡು. ತಾಕತ್ತಿದ್ರೆ ಸರಿಸು," ಅಂದೆ. ಹೋದ.

ಸಾಲು ಕೋಣೆಗಳ ಆ ಚಾಳಿನಲ್ಲಿ ಹಗಲು ಬಾಗಿಲು ಹಾಕಿದರೆ ಆಯಿ ಮಗಳು ಅಂತಲೂ ನೋಡದೆ ಬೈಯುತ್ತಿದ್ದಳು: "ಬಂದವರು ವಾಪಸ್ ಹೋದ್ರೆ ಏನೇ ಮಾಡ್ತೀಯ?" ಶಾಲನ್ ನನಗೆ ಸಿಕ್ಕಿದ್ದೇ ಹಾಗೆ. ಆಗಿನ್ನೂ ಪುಟ್ಟ ಹುಡುಗಿ, ಪಕ್ಕದ ಖೋಲಿಯಿಂದ ಸೀದಾ ಅಡುಗೆಮನೆಗೆ ಬಂದು ಚಪಾತಿ ಕೇಳಿದ್ದಳು.

ಈಗ ಎಪ್ಪತ್ತು ದಾಟಿದರೂ ಅವಳದು ಅದೇ ಚಾಳಿ. ಇವತ್ತು ಮಧ್ಯಾಹ್ನ ಬಂದವಳೇ ಬೇಳೆಸಾರಿನ ಪಾತ್ರೆಯ ಮುಚ್ಚಳ ತೆಗೆದು, ಸೌಟಿನಿಂದ ರುಚಿ ನೋಡಿ, "ಏನೇ ಕುಮುದ್, ಆಮ್ಟಿಗೆ ಉಪ್ಪು ಹಾಕೋದನ್ನ ನಿಮ್ಮ ಆಯಿ ಕಲಿಸಲಿಲ್ವಾ?" ಅಂದಳು.

ಕಲಿಸಲಿಲ್ಲ ಅಂತಲೇ ಇಟ್ಟುಕೋ. ಬಾಗಿಲು ತೆಗೆದಿಟ್ಟು ನಿನ್ನನ್ನು ಕೊಟ್ಟಳಲ್ಲ, ಸಾಕು.

ನಾಳೆಯೂ ಬೈಯೋಕೆ ಬರಲಿ ಆ ಕರ್ಣಿಕ್. ಬೆಲ್ ಒತ್ತೋ ಕಷ್ಟ ಅವನಿಗೂ ಇಲ್ಲ.