ಮಾವನ ಮೂಗು

ಫೆಬ್ರವರಿ 11, ಬೆಳಿಗ್ಗೆ 11 ಗಂಟೆ

ಇವತ್ತೂ ಬೆಣ್ಣೆಹಣ್ಣು. ಎಂಟು ಬುಟ್ಟಿ. ಸುಲಿದು ಸುಲಿದು ಉಗುರೆಲ್ಲ ಹಸಿರು. ಮದುವೆಯಾಗಿ ಬರೀ ಹತ್ತೊಂಬತ್ತು ದಿನ — ಯಾವ ನೇಲ್ ಪಾಲಿಶ್ ಕೂಡ ಇಂಥ ಬಣ್ಣ ಕೊಟ್ಟಿರಲಿಲ್ಲ.

ಅತ್ತೆ ತಿರುಳನ್ನು ತಟ್ಟೆಗಳಲ್ಲಿ ಹರಡಿ ಒಣಗಿಸುತ್ತಾರೆ. ಮಾವ ಅದನ್ನು ಪ್ರೆಸ್‌ಗೆ ಹಾಕುತ್ತಾರೆ. ಯಂತ್ರ ಮುನಿಸಿಕೊಂಡರೆ ಅದರ ಹೊಟ್ಟೆಗೆ ಕೈ ಹಾಕುವವರು ನನ್ನವರು. ಹೆಸರು ಬೋಲ್ಟ್. ನಾನಿಟ್ಟದ್ದು. ಮೊದಲ ಸಲ ನಮ್ಮ ಮನೆಗೆ ಬಂದಾಗ ಕರ್ಚೀಫ್ ತೆಗೆಯಲು ಹೋಗಿ ಜೇಬಿನಿಂದ ಒಂದು ಬೋಲ್ಟ್ ಬೀಳಿಸಿದರು. ಅದು ಉರುಳಿ ಉರುಳಿ ಅಪ್ಪನ ಚಪ್ಪಲಿಗೆ ಬಡಿಯಿತು. ನಾನು ಅಲ್ಲೇ ಕ್ಲೀನ್ ಬೋಲ್ಡ್.

ಪ್ರೆಸ್‌ನಿಂದ ಮೊದಲ ಎಣ್ಣೆ ಹಸಿರು ದಾರದ ಹಾಗೆ ಇಳಿಯುವುದನ್ನು ನೋಡಬೇಕು... ಆಗಷ್ಟೇ ಕತ್ತರಿಸಿದ ಹುಲ್ಲಿನ ವಾಸನೆ. ಸೋ ಬ್ಯೂಟಿಫುಲ್. ಹಿಂಡಿ ಇನ್ನೊಂದು ಕಡೆ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಇಡೀ ದಿನ ನಿಂತು ನೋಡಬಲ್ಲೆ. ಅತ್ತೆ ಕರೆಯುತ್ತಿದ್ದಾರೆ —

ಫೆಬ್ರವರಿ 16

ಒಂದು ವಿಷಯ ಗೊತ್ತಾಗಿದೆ. ಯಾರಿಗೂ ಹೇಳುವಂತಿಲ್ಲ. ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ. ಅದಕ್ಕೇ ಇಲ್ಲಿ.

ನಿನ್ನೆ ಪಪ್ಪಾಯಿ ಬೀಜ ಹಿಂಡಿದ್ದರು. ಇವತ್ತು ತೆಂಗು. ಒಂದು ಹಣ್ಣು ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಯಂತ್ರದೊಳಗೆ ಹಿಂಡುವ ದಪ್ಪ ಸ್ಕ್ರೂ ಬಿಚ್ಚಿ ತೊಳೆಯಬೇಕು, ಇಲ್ಲದಿದ್ದರೆ ಹಳೆಯ ವಾಸನೆ ಹೊಸ ಎಣ್ಣೆಗೆ ಅಂಟುತ್ತದೆ. ಮಾವ ಚಮಚ ಚಾಚಿ, "ನೋಡಮ್ಮ, ಶುದ್ಧ ತೆಂಗು ಅಂದ್ರೆ ಇದು" ಅಂದರು. ಮೂಸಿದೆ. ಪಪ್ಪಾಯಿ ಬೀಜದ ಘಾಟು ನೆತ್ತಿಗೇರಿತು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಚಮಚವನ್ನು ತಾವೇ ಮೂಸಿದರು, ಮತ್ತೆ ಮೂಸಿದರು.

ಹೋದ ವರ್ಷದ ಜ್ವರವಂತೆ. ಜ್ವರ ಹೋಯಿತು, ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೂವತ್ತೈದು ವರ್ಷ ಮೂಗಿನಿಂದಲೇ ಎಣ್ಣೆ ಆರಿಸಿದ ಮನುಷ್ಯ. ಬೇರೆ ಗಿರಣಿಯವರೂ ಸ್ಯಾಂಪಲ್ ತಂದು ಇವರ ಮುಂದೆ ಹಿಡಿಯುತ್ತಾರೆ. ಆರು ತಿಂಗಳಿಂದ ಬಣ್ಣ ನೋಡಿ, ತಳದ ಗಸಿ ನೋಡಿ ಅಂದಾಜಿನಲ್ಲಿ ನಡೆಸಿದ್ದಾರೆ.

"ನಿಮ್ಮತ್ತೆಗೂ ಗೊತ್ತಿಲ್ಲ" ಅಂದರು. "ಅವನಿಗಂತೂ ಹೇಳಬೇಡ."

ಫೆಬ್ರವರಿ 17

ಒಪ್ಪಂದ ಆಯಿತು. ಎಣ್ಣೆ ತುಂಬಿದ ಮೇಲೆ ಸುಮ್ಮನೆ ಅಲ್ಲಿ ಹಾದು ಹೋಗುವುದು ನನ್ನ ಕೆಲಸ. ಮೂಸಿ, ಕ್ಯಾನಿನ ಮುಚ್ಚಳದ ಮೇಲೆ ಬೆರಳಿನಿಂದ ತಟ್ಟಬೇಕು. ಒಂದು ಸಲ ಅಂದರೆ ಸರಿ. ಎರಡು ಸಲ ಅಂದರೆ ಕಮಟು. ಸ್ಪೈ ಸಿನಿಮಾ ಥರ! ಸ್ಕೂಲಲ್ಲಿ ಒಂದು ಮೆಡಲೂ ಗೆದ್ದವಳಲ್ಲ. ಈಗ ಗಿರಣಿಯ ಅಫಿಶಿಯಲ್ ಮೂಗು.

ಮಾರ್ಚ್ 9

ಇಪ್ಪತ್ತಾರು ಕ್ಯಾನ್. ಎಲ್ಲಕ್ಕೂ ಒಂದೇ ತಟ್ಟು. ಅಪ್ಪ ಸೊಸೆಯನ್ನು ಇಷ್ಟು ಹಚ್ಚಿಕೊಂಡದ್ದು ಯಾಕೆ ಅಂತ ಬೋಲ್ಟ್‌ಗೆ ಹೊಟ್ಟೆಕಿಚ್ಚು. ಪಾಪ.

ಏಪ್ರಿಲ್ 8

ಏನೋ ಎಡವಟ್ಟು. ಬೆಳಗಿನ ತೆಂಗು — ಕಮಟು. ಮಧ್ಯಾಹ್ನದ ಬೆಣ್ಣೆಹಣ್ಣು — ಇನ್ನೂ ಕಮಟು. ಬಾಗಿಲಿಗೆ ಬರುವಷ್ಟರಲ್ಲೇ ಹೊಟ್ಟೆ ತೊಳಸಿತು. ಎರಡೆರಡು ಸಲ ತಟ್ಟಿದೆ. ಮಾವ ನನ್ನ ಬೆರಳನ್ನೇ ನಂಬಿದರು. ನಲವತ್ತು ಲೀಟರ್ ಪಕ್ಕಕ್ಕೆ ಎತ್ತಿಸಿದರು, ಸೋಪು ಮಾಡುವ ಅಕ್ಕನಿಗೆ ವೇಸ್ಟ್ ಅಂತ ಕಳಿಸಿದರು.

ಏಪ್ರಿಲ್ 10

ಮತ್ತೆ ಎರಡು ತಟ್ಟು. ಮಾವ ಯಂತ್ರವನ್ನೆಲ್ಲ ಬಿಚ್ಚಿ ತೊಳೆದರು. ಒಬ್ಬರೇ. ಅಳು ಬಂತು ನನಗೆ.

ಏಪ್ರಿಲ್ 11, ಸಂಜೆ

ಸೋಪಿನ ಅಕ್ಕ ಕ್ಯಾನ್ ಸಮೇತ ವಾಪಸ್. "ಅಣ್ಣಾ, ನಿಮಗೇನು ತಲೆ ಕೆಟ್ಟಿದೆಯಾ? ಇಂಥ ಎಣ್ಣೆನ ಯಾರಾದ್ರೂ ಸೋಪಿಗೆ ಕೊಡ್ತಾರಾ?"

ಅವರು ಹೋದ ಮೇಲೆ ಮಾವ ಸ್ಟೂಲಿನ ಮೇಲೆ ಕೂತರು. ಬೈಯುತ್ತಾರೆ ಅಂದುಕೊಂಡೆ. ನನ್ನನ್ನೇ ನೋಡಿದರು. ನಿಧಾನಕ್ಕೆ ಮುಖ ಅರಳಿತು.

"ಕೆಟ್ಟಿರೋದು ಎಣ್ಣೆಯಲ್ಲ ಕಣಮ್ಮ. ನಿಮ್ಮತ್ತೆಗೂ ಹಿಂಗೇ ಆಗ್ತಿತ್ತು. ಎರಡು ಸಲವೂ ಈ ಶೆಡ್ ಹತ್ರ ಸುಳೀತಿರಲಿಲ್ಲ. ಹೋಗಿ ಅವಳ ಹತ್ರ ಮಾತಾಡು."

ಎರಡು ಸಲ ಅಂದರು. ಬೋಲ್ಟ್ ಒಬ್ಬರೇ ಮಗ. ಕೇಳಬೇಕು ಅನ್ನಿಸಲೇ ಇಲ್ಲ, ಓಡಿದ್ದೆ.

ಟೆಸ್ಟ್ ಮಾಡಿದೆ. ಎರಡು ಗೆರೆ. ಓ ಮೈ ಗಾಡ್. ಬೋಲ್ಟ್ ಕೈಯಲ್ಲಿದ್ದ ಸ್ಪ್ಯಾನರನ್ನು ಕಾಲ ಮೇಲೇ ಬೀಳಿಸಿಕೊಂಡು, ಕುಂಟುತ್ತಲೇ ಕುಣಿದರು.

ಏಪ್ರಿಲ್ 12

ಊಟದ ಮಧ್ಯೆ ಮಾವ ತಾವಾಗಿಯೇ ಬಾಯಿಬಿಟ್ಟರು. ತಟ್ಟೆ ನೋಡುತ್ತಾ, "ನನಗೆ ವಾಸನೆ ಗೊತ್ತಾಗಲ್ಲ. ಇಷ್ಟು ದಿನ ಈ ಹುಡುಗಿ ಮೂಗಲ್ಲಿ ಬದುಕಿದೀನಿ. ಇನ್ಮೇಲೆ ಅವಳು ಶೆಡ್‌ಗೆ ಬರಕೂಡದು" ಅಂದರು.

ನನಗೋಸ್ಕರ. ಮೂವತ್ತೈದು ವರ್ಷದ ಹೆಸರನ್ನು ಊಟದ ತಟ್ಟೆ ಪಕ್ಕ ಇಟ್ಟುಬಿಟ್ಟರು.

ಅತ್ತೆ ಮಾತ್ರ ತಣ್ಣಗೆ, "ಹಾಲು ಸೀದ ದಿನವೇ ನನಗೆ ಗೊತ್ತಾಯ್ತು. ಒಲೆ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಲ್ಲ" ಅಂದರು. ಬೋಲ್ಟ್ ಎದ್ದು ಹೋಗಿ, ತೊಳೆದಿದ್ದ ಸ್ಕ್ರೂವನ್ನೇ ಒಂದು ಗಂಟೆ ತೊಳೆದರು.

ಏಪ್ರಿಲ್ 24

ವಾಂತಿ. ಕಾಫಿ ಆಗಲ್ಲ, ಸೋಪು ಆಗಲ್ಲ, ಬೋಲ್ಟ್‌ನ ಅಂಗಿ ಅಂತೂ ಆಗಲೇ ಆಗಲ್ಲ. ಪಾಪ, ದಿನಕ್ಕೆ ಮೂರು ಸಲ ಸ್ನಾನ. ಆದರೂ ದೂರ ನಿಲ್ಲಿಸುತ್ತೇನೆ.

ಸ್ಕ್ಯಾನ್ ಆಯಿತು. ಕಾಳಿನಷ್ಟಿದೆ. ಅದರೊಳಗೆ ಎದೆ ಪಟಪಟ. ಹೆಸರಿಟ್ಟಾಯಿತು — ನಟ್. ಬೋಲ್ಟ್‌ಗೆ ಇನ್ನೇನು ಹುಟ್ಟುತ್ತದೆ?

ಮೇ 6, ಬೆಳಿಗ್ಗೆ

ಹಸಿವು! ಕಾಫಿ ಕುಡಿದೆ. ಇನ್ನೊಂದು ಲೋಟ ಕುಡಿದೆ. ಕಿಟಕಿಯಿಂದ ತೆಂಗಿನೆಣ್ಣೆ ವಾಸನೆ ಬಂತು, ಎಷ್ಟು ಹಿತವಾಗಿ... ತಡೆಯಲಾಗಲಿಲ್ಲ, ಶೆಡ್‌ಗೆ ಓಡಿದೆ. ಸಾಲಿಗೆ ಹನ್ನೆರಡು ಕ್ಯಾನ್. ಎಲ್ಲವನ್ನೂ ಮೂಸಿದೆ. ಎಲ್ಲವೂ ಫಸ್ಟ್ ಕ್ಲಾಸ್. ಮುಚ್ಚಳಗಳ ಮೇಲೆ ಒಂದೊಂದೇ ತಟ್ಟುತ್ತಾ ಹೋಗಿ ತಾಳವೇ ಹಾಕಿದೆ. ಮಾವ ನಕ್ಕರು. "ಬಂತಾ ನನ್ನ ಮೂಗು ವಾಪಸ್ಸು?"

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಯಾವತ್ತಿನಿಂದ ವಾಂತಿ ಇಲ್ಲ ಅಂತ ಕೇಳಿದರು. ನಿನ್ನೆಯಿಂದ... ಇಲ್ಲ, ಮೊನ್ನೆಯಿಂದಲೇ ಇರಬೇಕು ಅಂದೆ. ಅತ್ತೆಯ ಕೈ ಒಣಗಿಯೇ ಇತ್ತು, ಆದರೂ ಸೆರಗಿನಲ್ಲಿ ಒರೆಸುತ್ತಲೇ ಇದ್ದರು. ನಾಳೆ ಡಾಕ್ಟರ್ ಹತ್ತಿರ ಹೋಗಿ ಬರೋಣ ಅಂದರು. ಸರಿ, ಅದಕ್ಕೇನು. ಬರುವಾಗ ಐಸ್‌ಕ್ರೀಮ್ ತಿನ್ನಬೇಕು.

ಮೇ 7

ನಟ್‌ಗೆ ಎದೆಬಡಿತ ಇಲ್ಲ.

ಮೂರು ನಾಲ್ಕು ದಿನ ಆಗಿರಬಹುದು ಅಂದರು ಡಾಕ್ಟರ್.

ನಿನ್ನೆ ನಾನು ತಾಳ ಹಾಕುತ್ತಿದ್ದೆ.

ಜೂನ್ 2

ಎಲ್ಲದರ ವಾಸನೆಯೂ ಚೆನ್ನಾಗಿದೆ. ಕಾಫಿ. ಸೋಪು. ಅಂಗಿ. ಕಿಟಕಿ ಮುಚ್ಚಿಸಿದ್ದೇನೆ.

ಬೋಲ್ಟ್ ಈಗಲೂ ಸ್ನಾನ ಮಾಡಿಯೇ ಹತ್ತಿರ ಬರುತ್ತಾರೆ. ಬೇಕಿಲ್ಲ ಅಂತ ಹೇಳಲು ಆಗುತ್ತಿಲ್ಲ.

ಅತ್ತೆ ತಲೆ ಬಾಚಲು ಕೂರಿಸಿಕೊಂಡರು. ಅರ್ಧ ಬಾಚಿ ನಿಲ್ಲಿಸಿದರು.

"ಇವನಿಗಿಂತ ಮುಂಚೆ ಒಂದು" ಅಂದರು. "ಒಂದು ಬೆಳಿಗ್ಗೆ ಎದ್ದೆ, ಎಣ್ಣೆ ವಾಸನೆ ಹಿತವಾಗಿತ್ತು. ಅವತ್ತೆಲ್ಲ ನಾನೂ ಹಾಡ್ಕೊಂಡೇ ಓಡಾಡಿದ್ದೆ."

ಮತ್ತೆ ಬಾಚಿದರು. ಸಿಕ್ಕೇ ಇಲ್ಲದ ಕಡೆಯೂ ಬಾಚಿದರು.

ಜೂನ್ 15

ಶೆಡ್‌ಗೆ ಹೋದೆ. ಯಾರೂ ಕರೆದಿರಲಿಲ್ಲ.

ಬೆಣ್ಣೆಹಣ್ಣು ನಡೆಯುತ್ತಿತ್ತು. ಅದೇ ಹಸಿರು ದಾರ. ಮಾವ ನನ್ನನ್ನು ನೋಡಿ, ತುಂಬಿದ ಕ್ಯಾನ್ ಒಂದನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಮೂಸಿದೆ. ಆಗಷ್ಟೇ ಕತ್ತರಿಸಿದ ಹುಲ್ಲು. ಒಂದು ಚೂರೂ ದೋಷವಿಲ್ಲ. ದೋಷ ಇರಬೇಕಿತ್ತು. ಹೊಟ್ಟೆ ತೊಳಸಬೇಕಿತ್ತು. ಕಾದೆ. ಏನೂ ಆಗಲಿಲ್ಲ.

ಮುಚ್ಚಳ ಹಾಕಿ ಎರಡು ಸಲ ತಟ್ಟಿದೆ.

ಬಣ್ಣ ನೋಡಿದರೇ ಗೊತ್ತಾಗುತ್ತಿತ್ತು ಮಾವನಿಗೆ. ತಳದಲ್ಲಿ ಗಸಿ ಕೂಡ ಇರಲಿಲ್ಲ. ಬೋಲ್ಟ್ ಬಂದು ಮೂಸಿ, ಚೆನ್ನಾಗೇ ಇದೆಯಲ್ಲಪ್ಪಾ ಅಂದರು.

"ಅವಳು ಕಮಟು ಅಂದ್ರೆ ಕಮಟು" ಅಂದರು ಮಾವ. ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಮೇಲಿನ ಶೆಲ್ಫಿನಲ್ಲಿಟ್ಟರು. ಚೀಟಿ ಅಂಟಿಸಲಿಲ್ಲ.

ಜುಲೈ 30, ಮಧ್ಯಾಹ್ನ

ಆ ಕ್ಯಾನ್ ಇನ್ನೂ ಅಲ್ಲೇ ಇದೆ. ಯಾರೂ ಮುಟ್ಟಿಲ್ಲ. ಮೇಲೆ ಧೂಳು ಕೂರುತ್ತದೆ, ಯಾರೋ ಒರೆಸುತ್ತಾರೆ. ಯಾರು ಅಂತ ಕೇಳಿಲ್ಲ.

ಇವತ್ತು ಸ್ಟೂಲ್ ಹಾಕಿಕೊಂಡು ಇಳಿಸಿದೆ. ಭಾರ. ತೊಡೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಪ್ರೆಸ್ ನಿಂತಿತ್ತು. ಮಾವ ಬಾಗಿಲಿಗೆ ಬಂದವರು ಒಳಗೆ ಬರಲಿಲ್ಲ.

ಮುಚ್ಚಳ ತಿರುಗಿಸಿದೆ. ಬಗ್ಗಿದೆ. ಉಸಿರೆಳೆದುಕೊಂಡೆ.

ಮುಚ್ಚಿದೆ. ಮಾವ ನನ್ನ ಬೆರಳನ್ನೇ ನೋಡುತ್ತಿದ್ದರು.

ಒಂದು ಸಲ ತಟ್ಟಿದೆ. ಆಮೇಲೆ ಕೈ ಎತ್ತಿ, ಇನ್ನೊಂದು ಸಲ ತಟ್ಟದೆ, ಕ್ಯಾನನ್ನು ಕೆಳಗಿಳಿಸಿ ಮಾವನ ಕಡೆ ಸರಿಸಿದೆ.