ಆ ಒಂದು ಸಾಲು ಬೇಡ

ಮೈಲೂರ, ಬೀದರ
ಸೋಮವಾರ

ಭಾಲ್ಕಿಯ ಕರುಣಾ ಮೇಡಂ ಅವರಿಗೆ ಮೇಘಾಳ ನಮಸ್ಕಾರಗಳು.

ಎಂ.ಎಸ್ಸಿ. ನರ್ಸಿಂಗ್ ಅರ್ಜಿಗೆ ನೀವು ಕೊಟ್ಟ ಶಿಫಾರಸು ಪತ್ರ ತಲುಪಿತು. ಅದರಲ್ಲಿ ಒಂದು ಸಾಲು ತೆಗೆದು ಮತ್ತೆ ಬರೆದುಕೊಡಬೇಕು.

ನಮ್ಮ ಕುರಿಗಾಹಿಗಳ ಮನೆಗಳಲ್ಲಿ ಯಾರೂ ತಮ್ಮ ಬೇನೆಯನ್ನು ಮೊದಲು ಹೇಳುವುದಿಲ್ಲ. ಕುರಿಗಳ ಸುದ್ದಿ ಮುಗಿದ ಮೇಲೆಯೇ ತಮ್ಮದು. ಇದು ನನಗೆ ಚಿಕ್ಕಂದಿನಿಂದ ಗೊತ್ತು.

ಹದಿನೈದು ದಿನದ ಹಿಂದೆ ಪ್ರವೇಶ ಪರೀಕ್ಷೆಗೆ ಓದುತ್ತ ಕೂತಿದ್ದಾಗ ಔರಾದ ಕಡೆಯ ನಮ್ಮೂರಿನಿಂದ ಅಪ್ಪ ಫೋನ್ ಮಾಡಿದ.

“ಬೇಟಾ, ಕರಿ ಕುರಿ ಮೇವು ಮುಟ್ಟವಲ್ದು.”

“ನಾ ಏನ್ ಕುರಿ ಡಾಕ್ಟರ್ ಇದ್ದೀನೇನಪ್ಪಾ? ಓದ್ಲಾಕ ಬಿಡು.”

“ಆಯ್ತು ತಾಯಿ, ಓದು” ಎಂದು ಫೋನ್ ಇಟ್ಟ.

ಅವತ್ತು ಮುಂಜಾನೆಯಿಂದಲೇ ಅವನ ಎದೆ ನೋಯುತ್ತಿತ್ತಂತೆ. ಸಂಜೆ ಬೀದರದ ಆಸ್ಪತ್ರೆ ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡ. ಮಣ್ಣಿಗೆ ಹೋದಾಗ ನೋಡಿದೆ, ಕರಿ ಕುರಿ ಚೆನ್ನಾಗಿ ಮೇಯುತ್ತಿತ್ತು.

ಫೋನಿನ ಮಾತು ಅವ್ವನಿಗೆ ಗೊತ್ತಿಲ್ಲ. ದಯವಿಟ್ಟು ಹೇಳಬೇಡಿ.

ಅರ್ಜಿಗೆ ಶುಕ್ರವಾರ ಕೊನೆಯ ದಿನ. ಅವ್ವನಿಗಾಗಿ ಹಾಕುತ್ತೇನೆ. ಉಳಿದದ್ದೆಲ್ಲ ಹಾಗೇ ಇರಲಿ ಮೇಡಂ. “ಕಾಯಿಲೆಯವರ ಮಾತನ್ನು ಕೊನೆಯವರೆಗೂ ಕೇಳುವ ಹುಡುಗಿ” ಎಂದು ಬರೆದಿದ್ದೀರಲ್ಲ, ಅದೊಂದು ಬೇಡ.

ನಿಮ್ಮ ವಿದ್ಯಾರ್ಥಿನಿ,
ಮೇಘಾ ಮಡೆಪ್ಪ
ಬಿ.ಎಸ್ಸಿ. ನರ್ಸಿಂಗ್