ನಿಮ್ಮವ್ವನ ಕಾಲಿಗೆ ನೆಲ ಸಿಕ್ಕಿದ್ದು

ರಾಯಚೂರು
9 ಫೆಬ್ರುವರಿ 2025, ಭಾನುವಾರ

ಮಗಳು ಮೇಘಾಳಿಗೆ,

ನಿಮ್ಮಪ್ಪ ಮೌನಪ್ಪ ಮಾಡುವ ಆಶೀರ್ವಾದಗಳು. ಮಾನ್ವಿಯಲ್ಲಿ ನೀನು, ಅಳಿಯಂದಿರು, ಕೂಸು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ನಾವಿಬ್ಬರೂ ಇದ್ದೇವೆ. ಕ್ಷೇಮ ಅಂತ ಬರೆಯುವ ಧೈರ್ಯ ಇನ್ನೂ ಬಂದಿಲ್ಲ.

ಈ ಇಡೀ ಪ್ರಕರಣಕ್ಕೆ ತಗಲಿದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮವ್ವನ ಇಪ್ಪತ್ತಾರು ರಾತ್ರಿಯ ನಿದ್ದೆ. ಮೈಯಿಂದ ನಾಲ್ಕೂವರೆ ಕಿಲೋ ತೂಕ. ಒಲೆಯ ಮೇಲಿಟ್ಟು ಮರೆತು ಸುಟ್ಟುಹೋದ ಎರಡು ಪಾತ್ರೆ. ನನ್ನ ಕಡೆಯಿಂದ, ನನ್ನ ಮಾತಿನ ಮೇಲೆ ನನಗಿದ್ದ ನಂಬಿಕೆ. ಅದನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೋ ತಿಳಿಯದು. ನಾವಿಬ್ಬರೂ ಹೋದ ಉಸಿರಾಟದ ಶಿಬಿರ ಮಾತ್ರ ಪುಕ್ಕಟೆ. ಇನ್ನೂರು ಕುರ್ಚಿ, ಒಂದು ಶಾಮಿಯಾನ ಬಾಡಿಗೆಯಿಲ್ಲದೆ ಕೊಟ್ಟಿದ್ದಕ್ಕೆ ಎರಡು ಸೀಟು ಫ್ರೀ ಅಂದರು. ಫ್ರೀ ಸೀಟನ್ನು ಖಾಲಿ ಬಿಡುವ ಮನುಷ್ಯ ನಾನಲ್ಲ, ನಿನಗೆ ಗೊತ್ತಲ್ಲ.

ಬರೆಯುವುದು ತಡವಾಯಿತು, ತಪ್ಪು ತಿಳಿಯಬೇಡ. ನೀನು ಮೂರು ಸಲ ಫೋನು ಮಾಡಿದೆ, ಮೂರು ಸಲವೂ ನಾನು “ಅವ್ವಗ ಸ್ವಲ್ಪ ಪಿತ್ತ ಆಗ್ಯಾದವ್ವಾ” ಅಂದು ಮಾತು ತಿರುಗಿಸಿದೆ. ಮೊನ್ನೆ ಗುರುವಾರ ನೀನು, “ಅಪ್ಪಾ, ನಮ್ಮ ಸಾಲಿ ಸೌಭಾಗ್ಯ ಟೀಚರ್ ನನ್ನ ಹೆಸರೂ ಬರೆಸ್ಯಾರ. ಹದಿನೆಂಟಕ್ಕ ಇಲ್ಲೇ ಮಾನ್ವಿಯೊಳಗ ಅದೇ ಶಿಬಿರ ಅದ” ಅಂದಾಗ ಗಿರಾಕಿ ಬಂದರು ಅಂತ ಹೇಳಿ ಫೋನು ಇಟ್ಟೆ. ಫೋನಿನಲ್ಲಿ ನಾನು ಎಂಥ ಮಾತನ್ನೂ ಹೊರಳಿಸಿಬಿಡುತ್ತೇನೆ. ಮಲ್ಲಟದಲ್ಲಿ ಕೂಲಿಗೆ ಗುಂಡಿ ತೋಡುತ್ತಿದ್ದವನು ರಾಯಚೂರಿನಲ್ಲಿ ಟೆಂಟ್ ಹೌಸ್ ಇಟ್ಟದ್ದು ಆ ವಿದ್ಯೆಯಿಂದಲೇ. ಕಾಗದದ ಮೇಲೆ ಬರೆದರೆ ಹೊರಳಿಸಲು ಬರುವುದಿಲ್ಲ. ಅದಕ್ಕೇ ಈ ಪತ್ರ.

ನಡೆದದ್ದು ಇಷ್ಟು. ಜನವರಿಯ ಮೊದಲ ವಾರ, ಏಳು ಮುಂಜಾನೆ, ಖಾಲಿ ಹೊಟ್ಟೆ. ಹೊರಗಿನಿಂದ ಬಂದ ಗುರೂಜಿ. ಕಣ್ಣು ಮುಚ್ಚಿ, ತಿದಿ ಒತ್ತಿದ ಹಾಗೆ ಜೋರಾಗಿ ಉಸಿರು ಬಿಡಬೇಕು, ಎಳೆಯಬೇಕು. ಆಮೇಲೆ ಬೆನ್ನಹುರಿಯಲ್ಲಿ ಶಕ್ತಿ ಮೇಲೆ ಏರುತ್ತಿದೆ ಅಂತ ನೆನೆಯಬೇಕು. ನನ್ನ ಪಕ್ಕದಲ್ಲಿದ್ದ ಕಿರಾಣಿ ಅಂಗಡಿಯ ಜಮೀರ್ ಎರಡನೇ ದಿನಕ್ಕೇ “ಮಂಡಿನೋವು ಹಗುರ ಆಗ್ಯಾದ” ಅಂದ. ನನಗಂತೂ ಹಸಿವು ಬಿಟ್ಟರೆ ಬೇರೇನೂ ಏರಲಿಲ್ಲ. ನಿಮ್ಮವ್ವನಿಗೆ ನಾಲ್ಕನೇ ದಿನ ಕೈಗಳು ನಡುಗತೊಡಗಿದವು.

ಹೋಗಿ ಗುರೂಜಿಗೆ ಹೇಳಿದೆ. “ಒಳ್ಳೇ ಲಕ್ಷಣ. ಶಕ್ತಿ ಏಳ್ತಾ ಇದೆ, ನಡುವೆ ಬಿಡಬೇಡಿ” ಅಂದರು. ನಿಮ್ಮವ್ವ ನನ್ನ ಮುಖ ನೋಡಿದಳು. “ಇನ್ನು ಮೂರು ದಿನ ಅಲ್ಲೇನು, ಮುಗಿಸಿಬಿಡು ವೆಂಕಮ್ಮ” ಅಂದೆ. ಮುಗಿಸಿದಳು.

ಅಲ್ಲಿಂದ ಶುರು. ನಡುನೆತ್ತಿಯಲ್ಲಿ ಕೆಂಡ ಇಟ್ಟ ಹಾಗೆ ಉರಿ, ಎದೆ ದಡದಡ, ಕಣ್ಣು ಮುಚ್ಚಿದರೆ ಬೆಳಕು. ಗೋಡೆ ಹಿಡಿದು ನಡೆಯುತ್ತಿದ್ದಳು. “ನೆಲ ತೂಗಾಕತ್ತದ ರೀ, ನಿಮಗ ಗೊತ್ತಾಗವಲ್ದೇನು?” ಅನ್ನುತ್ತಿದ್ದಳು. ಡಾಕ್ಟರಿಗೆ ತೋರಿಸಿದೆ. ಹೃದಯ ಚೆನ್ನಾಗಿದೆ ಅಂದರು, ಗುಳಿಗೆ ಕೊಟ್ಟರು, “ಆ ಉಸಿರಾಟ ಇವತ್ತೇ ನಿಲ್ಸಿ. ಎಲ್ಲರ ಮೈಗೂ ಅದು ಹಿಡಿಸಲ್ಲ” ಅಂದರು. ಆಮೇಲೆ ಆಕೆಯನ್ನು ಹೊರಗೆ ನಿಲ್ಲಿಸಿ ನನ್ನನ್ನು ಇನ್ನೂ ಒಂದು ಮಾತು ಕೇಳಿದರು. ಅದನ್ನು ಕಡೆಗೆ ಬರೆಯುತ್ತೇನೆ.

ಹಿಂದಿನ ಓಣಿಯ ನೂರ್ ಬೀಯನ್ನು ನೀನು ಮರೆತಿರಲಾರೆ. ಹಳೇ ಸೀರೆಗಳನ್ನು ಪದರ ಪದರ ಇಟ್ಟು ಕೌದಿ ಹೊಲಿಯುವ ಮುದುಕಿ. ಸುದ್ದಿ ಕೇಳಿ ತಾನೇ ಬಂದಳು. ಬಂದವಳೇ ನನಗೆ ಜಾಡಿಸಿದಳು.

“ಏನ್ ಮಾಡಿಟ್ಟಿ ಮೌನಪ್ಪ? ಹೆಂಗಸ್ನ ಗಾಳಿಪಟ ಮಾಡಿಬಿಟ್ಟೀಯಲ್ಲೋ.”

“ಖಾಲಾ, ಎಲ್ಲಾ ಆರಾಮ ಇತ್ತು...”

“ನೀ ಸುಮ್ನಿರು. ನಿನ್ನ ಮಾತಿಗೇ ಆಕಿಗಿ ಅರ್ಧ ಗಾಳಿ ತುಂಬ್ಯಾದ.”

ನಿಮ್ಮವ್ವನನ್ನು ಗೋಡೆಗೆ ಬೆನ್ನು ಕೊಟ್ಟು ಕೂಡಿಸಿದಳು. ಎರಡೂ ಅಂಗಾಲು ತಣ್ಣನೆಯ ಫರಸಿ ಕಲ್ಲಿನ ನೆಲದ ಮೇಲೆ. ತೊಡೆಯ ಮೇಲೆ ಆರು ಪದರದ ಭಾರದ ಕೌದಿ. “ಕಣ್ಣು ಮುಚ್ಚಬ್ಯಾಡ, ತೆರದೇ ಇರು. ಉಸಿರಿನ ಕಡಿ ನೋಡಬ್ಯಾಡ, ತಾನ ಬರ್ತದ ತಾನ ಹೋಗ್ತದ. ಸೂಜಿ ಹಿಡಿ. ಬ್ಯಾಸರ ಬರೋದ್ರೊಳಗ ಬಿಟ್ಟುಬಿಡು” ಅಂದಳು. ನನ್ನ ಕಡೆ ತಿರುಗಿ, “ಇದರಾಗ ದವಾ ಗಿವಾ ಏನಿಲ್ಲ. ದವಾ ಡಾಕ್ಟರ್ ಕೊಟ್ಟಾರ, ಅದನ್ನ ಹೊತ್ತಿಗಿ ಸರಿಯಾಗಿ ನುಂಗಲಿ. ಹಸಿದ ಹೊಟ್ಟಿಲೆ ಮಾತ್ರ ಇಡಬ್ಯಾಡ” ಅಂದಳು.

ನಿಮ್ಮವ್ವ ಮೊದಲ ದಿನ ಹೊಲಿದದ್ದು ಒಂದು ಗೇಣು. ಹೊಲಿಯುತ್ತಾ ಒಂದೊಂದೇ ತುಂಡು ಮುಟ್ಟಿ ಹೇಳುತ್ತಿದ್ದಳು: ಇದು ಗೂಗಲ್ ಊರಿನ ನಮ್ಮತ್ತಿಗಿ ಸೀರಿ, ಇದು ನಿಮ್ಮ ಹಳೇ ಲುಂಗಿ, ಇದು ಮೇಘಾನ ಸಾಲಿ ಲಂಗ. ಹೆಸರು ಹೇಳುವಾಗ ಕೈ ನಡುಕ ಸ್ವಲ್ಪ ಕಡಿಮೆಯಾಗುವುದು ನನ್ನ ಕಣ್ಣಿಗೆ ಬಿತ್ತು. ನಡುವೆ ಎದ್ದು ತಣ್ಣೀರಿನಲ್ಲಿ ಎರಡು ತಾಟು ತೊಳೆಯುವುದು, ಮಧ್ಯಾಹ್ನ ಬಿಸಿ ಜೋಳದ ರೊಟ್ಟಿ, ಸಂಜೆ ಅಂಗಳದ ಮಣ್ಣಿನಲ್ಲಿ ಬರಿಗಾಲಲ್ಲಿ ನಾಲ್ಕು ಹೆಜ್ಜೆ. ಅಷ್ಟೇ. ಐದನೇ ದಿನ ಮೂರು ತಾಸು ಮಲಗಿದಳು.

ಇಲ್ಲಿ ನಾನು ನನ್ನ ಬುದ್ಧಿ ತೋರಿಸಿದೆ. ಟೆಂಟ್ ಹೌಸಿನವನಿಗೆ ಕುರ್ಚಿ ಹೋದದ್ದು, ಬಂದದ್ದು ಬರೆದಿಡದಿದ್ದರೆ ಸಮಾಧಾನವಿಲ್ಲ. ಅದೇ ರಿಜಿಸ್ಟರಿನ ಒಂದು ಹಾಳೆ ಹರಿದು ಗೋಡೆಗೆ ಅಂಟಿಸಿದೆ. ಬರಿಗಾಲು ಎಷ್ಟು ನಿಮಿಷ, ಹೊಲಿಗೆ ಎಷ್ಟು ಗೇಣು, ರೊಟ್ಟಿ ಎಷ್ಟು, ನಿದ್ದೆ ಎಷ್ಟು. ಆಯಿತೆಂದರೆ ಟಿಕ್. ನಿನ್ನೆಗಿಂತ ಕಡಿಮೆಯಾದರೆ ಕೆಂಪು ಗೆರೆ. ಇಷ್ಟೇ ಅಲ್ಲ, ಕುರ್ಚಿ ಕೇಳಲು ಬಂದ ಗಿರಾಕಿಗಳಿಗೆಲ್ಲ “ಮನಿಗಿ ಬಂದು ನೋಡ್ರಿ, ಕೌದಿಯಿಂದ ಹೆಂಗ ಗುಣ ಆಗಾಕತ್ತದ” ಅಂತ ಹೇಳಿದೆ. ನಾಲ್ಕು ಜನ ಬಂದು ನೋಡಿಯೂ ಹೋದರು. ನಿಮ್ಮವ್ವ ಅವರ ಮುಂದೆ ತಲೆ ತಗ್ಗಿಸಿ ಹೊಲಿದಳು. ಆ ವಾರ ನಿದ್ದೆ ಮೂರು ತಾಸಿನಿಂದ ಮುಕ್ಕಾಲು ತಾಸಿಗೆ ಇಳಿಯಿತು. ನಾನು ಕೆಂಪು ಗೆರೆ ಎಳೆದೆ.

ಆಕೆ ಗೋಡೆ ಹಿಡಿದು ಎದ್ದು ಬಂದು ಹಾಳೆಯ ಮುಂದೆ ನಿಂತಳು. “ನಾ ಏನು ಕುರ್ಚೇನ್ರಿ, ಎಣಿಸಿ ಒಳಗ ಇಡಾಕ?” ಅಂದಳು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅಷ್ಟು ಗಟ್ಟಿ ದನಿ ನಾನು ಕೇಳಿರಲಿಲ್ಲ. ಕೌದಿ ಹೆಗಲಿಗೆ ಹಾಕಿಕೊಂಡು ನೂರ್ ಬೀ ಮನೆಗೆ ಹೊರಟಳು. ಹಿಂದೆ ಹೋದೆ. ಬಾಗಿಲಲ್ಲೇ ಮುದುಕಿ ತಡೆದಳು.

“ಇದಕ್ಕೂ ಟೆಂಟ್ ಹಾಕಾಕ ಬಂದೀಯೇನು? ಎಷ್ಟು ಕುರ್ಚಿ ಇಡ್ತಿ?”

“ಖಾಲಾ, ನಾ ಏನು ಮಾಡ್ಲಿ ಮತ್ತ?”

“ಏನೂ ಮಾಡಬ್ಯಾಡ. ಒಳಗ ಬಾ, ಆಕಿ ಬೆನ್ನಿಗಿ ನಿನ್ನ ಬೆನ್ನು ಕೊಟ್ಟು ಕೂಡು. ಬಾಯಿ ತೆರದ್ರ ಎದ್ದು ಹೋಗು.”

ಕೂತೆ. ಮೇಘಾ, ಸುಮ್ಮನೆ ಕೂಡುವುದು ಎಂಥ ಕಷ್ಟದ ಕೆಲಸ ಅಂತ ನನಗೆ ಅರವತ್ತನೇ ವಯಸ್ಸಿನಲ್ಲಿ ಗೊತ್ತಾಯಿತು. ದೇವದುರ್ಗದ ಒಂದು ಮದುವೆಯ ಆರ್ಡರು ಬಂದಿತ್ತು. ನಿನ್ನ ಚಿಕ್ಕಪ್ಪನ ಮಗ ಗೌತಮನಿಗೆ ಒಪ್ಪಿಸಿ ಫೋನು ಬಂದ್ ಮಾಡಿದೆ. ಆಕೆಯ ಬೆನ್ನೆಲುಬು ನನ್ನ ಬೆನ್ನಿಗೆ ಒತ್ತುತ್ತಿತ್ತು, ಅಷ್ಟು ಸೊರಗಿದ್ದಳು. ಮೊದಲು ಅದು ನಡುಗುತ್ತಿತ್ತು. ಆಮೇಲೆ ದಾರ ಎಳೆದಾಗ ಮಾತ್ರ ಅಲುಗುತ್ತಿತ್ತು. ಎಷ್ಟು ಹೊತ್ತಾಯಿತೋ, ಆಕೆಯ ತಲೆ ಹಿಂದಕ್ಕೆ ವಾಲಿ ನನ್ನ ಹೆಗಲಿಗೆ ಬಂತು. ಮಲಗಿದ್ದಳು. ನೂರ್ ಬೀ ಸೂಜಿಯನ್ನು ಆಕೆಯ ಬೆರಳಿನಿಂದ ಮೆಲ್ಲಗೆ ತೆಗೆದಳು. ನನ್ನ ಕಾಲು ಜೋಮು ಹಿಡಿದು ಸತ್ತೇ ಹೋದವು ಅನ್ನಿಸಿತು, ಆದರೂ ಅಲುಗಲಿಲ್ಲ.

ಅವತ್ತಿನಿಂದ ದಿನಾ ಮಧ್ಯಾಹ್ನ ಹೋಗಿ ಕೂಡುತ್ತೇನೆ. ಪೂರ್ತಿ ಆರಾಮಾಗಿದ್ದಾಳೆ ಅಂತ ಬರೆದರೆ ಸುಳ್ಳು. ಗುಳಿಗೆ ನಡೆದಿದೆ, ಉರಿ ಒಮ್ಮೊಮ್ಮೆ ಏರುತ್ತದೆ, ಆಗ ಅಂಗಾಲಿಗೆ ನೆಲ ಒತ್ತಿಕೊಂಡು ಇಳಿಯುವವರೆಗೆ ಕೂತಿರುತ್ತಾಳೆ. ಮೊನ್ನೆ ಮುಂಜಾನೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿ ಬಂದು, “ಇವತ್ತು ನೆಲ ಇದ್ದಲ್ಲೇ ಅದ” ಅಂದಳು.

ನನಗೆ ಮಾತ್ರ ಸುಸ್ತು, ಮಗಳೇ. ಮೈಯದ್ದಲ್ಲ. ಮಾತಾಡಿ ಮಾತಾಡಿ ಬಂದ ಸುಸ್ತು.

ಊಟ ತಪ್ಪಿಸಬೇಡ. ಅಳಿಯಂದಿರಿಗೆ ನಮಸ್ಕಾರ, ಕೂಸಿಗೆ ಮುತ್ತು. ನಿನ್ನ ಮನೆಯಲ್ಲಿ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ನಿದ್ದೆ ಬರಲಿ ಅಂತ ಹರಸುತ್ತೇನೆ. ಅದಕ್ಕಿಂತ ದೊಡ್ಡದು ಈಗ ನನಗೆ ತೋಚುವುದಿಲ್ಲ.

ನಿನ್ನ ಅಪ್ಪ,
ಮೌನಪ್ಪ

ತಾ.ಕ.: ಡಾಕ್ಟರು ಕೇಳಿದ ಮಾತು. “ಇವರಿಗೆ ಹಿಂದೆ ಯಾವಾಗಾದ್ರೂ ಹೀಗೆ ಆಗಿತ್ತಾ?” ಶಿಬಿರದ ಫಾರಮಿನಲ್ಲೂ ಅದೇ ಪ್ರಶ್ನೆ ಇತ್ತು: ಮನಸ್ಸಿನ ಕಾಯಿಲೆಗೆ ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ? ನನ್ನ ಕೈಯಾರೆ ‘ಇಲ್ಲ’ ಅಂತ ಬರೆದೆ. ನಿಮ್ಮವ್ವ ಓದಿ, ಹೆಬ್ಬೆರಳಿನಿಂದ ಆ ಅಕ್ಷರ ಒಂದು ಸಲ ಒರೆಸಿದ ಹಾಗೆ ಮಾಡಿ, ಸಹಿ ಹಾಕಿದಳು.

ಆಗಿತ್ತು, ಮೇಘಾ. ಆಗ ನೀನು ಇಪ್ಪತ್ತೆರಡು ದಿನದ ಕೂಸು. ಆಕೆಗೆ ನಿದ್ದೆ ಹೋಯಿತು, ನೆಲ ತೂಗತೊಡಗಿತು, ನಿನ್ನನ್ನು ಎತ್ತಿಕೊಂಡರೆ ಕೈಯಿಂದ ಬಿಟ್ಟೇನೆಂದು ಹೆದರಿ ದೂರ ಕೂಡುತ್ತಿದ್ದಳು. ಮೂರು ತಿಂಗಳು ಆಸ್ಪತ್ರೆಯಲ್ಲಿ ಇಟ್ಟೆವು. ನಿನ್ನನ್ನು ಮಲ್ಲಟದಲ್ಲಿ ನಿನ್ನಜ್ಜಿ ಸಾಕಿದಳು. ಹುಚ್ಚಿಯ ಮಗಳು ಅಂತ ನಾಳೆ ಯಾರೂ ಅನ್ನಬಾರದೆಂದು, ಅಂಗನವಾಡಿ ಟ್ರೇನಿಂಗಿಗೆ ಹೋಗಿದ್ದಾಳೆ ಅಂತ ಊರಿಗೆಲ್ಲ ಹೇಳಿದವನು ನಾನು. ನಿನಗೂ ಹೇಳಬಾರದೆಂದು ಆಕೆಯಿಂದ ಆಣೆ ಮಾಡಿಸಿಕೊಂಡವನೂ ನಾನು.

ಹೋದ ವರ್ಷ ಬಾಣಂತನಕ್ಕೆ ಬಂದ ಅವ್ವನಿಗೆ ನೀನು, “ಎಳೇ ಕೂಸು ಬಿಟ್ಟು ಟ್ರೇನಿಂಗಿಗಿ ಹೋದಾಕಿಗಿ ಬಾಣಂತನ ಏನು ತಿಳೀತದ, ಹೋಗು” ಅಂದೆಯಂತೆ. ಆಕೆ ಮುಂದಿನ ಬಸ್ಸಿಗೆ ರಾಯಚೂರಿಗೆ ವಾಪಸು ಬಂದಳು. ಯಾಕೆ ಬಂದಿ ಅಂದರೆ, “ಬಸ್ ಖಾಲಿ ಇತ್ತು” ಅಂದಳು. ಆ ಮಾತು ನನಗೆ ತಿಳಿದದ್ದು ಮೊನ್ನೆ, ಅದೂ ನೂರ್ ಬೀಯಿಂದ.

ನಿನಗೂ ಹಾಗಾಗುತ್ತದೆ ಅಂತಲ್ಲ. ಹದಿನೆಂಟಕ್ಕೆ ಹೋಗುವುದಾದರೆ ಫಾರಮಿನಲ್ಲಿ ಅವ್ವನ ಕಾಯಿಲೆಯ ನಿಜ ಬರೆ, ಮೊದಲು ಡಾಕ್ಟರನ್ನು ಕೇಳು.

ಈ ಸುಳ್ಳಿನಿಂದ ಯಾರಿಗೆ ಏನು ದಕ್ಕಿತು ಅಂದರೆ: ನನಗೆ ಮೂವತ್ತೊಂದು ವರ್ಷದ ಮರ್ಯಾದೆ. ನಿನಗೆ ಒಳ್ಳೆಯ ಗಂಡ, ಒಳ್ಳೆಯ ಮನೆತನ. ನಿನ್ನಜ್ಜಿಗೆ ಮೂರು ತಿಂಗಳು ತೊಡೆಯ ಮೇಲೆ ನೀನು. ನಿಮ್ಮವ್ವನಿಗೆ ಏನೂ ಇಲ್ಲ.